ಅಪ್ಪಾಜಿ ಬಳ್ಳಾರಿಯಲ್ಲಿ ಒಬ್ಬರೇ: ಸೀನಿಯರ್ ಲಿವಿಂಗ್‌ಗೆ ಹೋದರೆ ಒಂಟಿತನ ನಿಜವಾಗ್ಲೂ ಕಡಿಮೆ ಆಗುತ್ತಾ?

ಗಾಂಧಿನಗರ_ಮಗಳು:
ಎಲ್ಲರಿಗೂ ನಮಸ್ಕಾರ. ನಮ್ಮದು ಬಳ್ಳಾರಿ ಗಾಂಧಿನಗರ. ನಾನು ಬೆಂಗಳೂರಲ್ಲಿ, ತಮ್ಮ ಪುಣೆಯಲ್ಲಿ. ಅಮ್ಮ ಹೋದ ಮೇಲೆ ಅಪ್ಪಾಜಿ ಒಬ್ಬರೇ ಇದ್ದಾರೆ. 74 ವರ್ಷ. ಹೈಸ್ಕೂಲಲ್ಲಿ ಗಣಿತದ ಮೇಷ್ಟ್ರಾಗಿದ್ದರು. ಬಿಪಿ ಬಿಟ್ಟರೆ ಆರೋಗ್ಯ ಗಟ್ಟಿ. ಅಡುಗೆಗೆ ಒಬ್ಬರು ಬರುತ್ತಾರೆ, ಪೆನ್ಷನ್ ಬರುತ್ತೆ, ದುಡ್ಡಿಗೆ ತೊಂದರೆ ಇಲ್ಲ. ತೊಂದರೆ ಇರೋದು ಮಾತಿಗೆ. ಫೋನ್ ಮಾಡಿದರೆ "ಊಟ ಆಯ್ತು, ಇಡ್ಲಾ?" ಅಂತಾರೆ. ಮೊದಲು ಹೀಗಿರಲಿಲ್ಲ.

ನಮ್ಮನೆಗೆ ಕರೆದುಕೊಂಡು ಬಂದರೆ ನಿಲ್ಲಲ್ಲ. ನಾವಿಬ್ಬರೂ ಆಫೀಸಿಗೆ ಹೋಗ್ತೀವಿ, ಮಗು ಸ್ಕೂಲಿಗೆ. ಹತ್ತನೇ ಮಹಡಿಯಲ್ಲಿ ಅವರು ಮತ್ತು ಟಿವಿ. ಅದಕ್ಕಿಂತ ಬಳ್ಳಾರಿಯೇ ವಾಸಿ ಅಂತ ಹಂಪಿ ಎಕ್ಸ್‌ಪ್ರೆಸ್ ಹತ್ತಿಬಿಡ್ತಾರೆ.

ಈಗ ತಮ್ಮ ಹೇಳ್ತಿದ್ದಾನೆ, ಬೆಂಗಳೂರಿನ ಹೊರಗೆ ಇಲ್ಲಾಂದ್ರೆ ಕೊಯಮತ್ತೂರಲ್ಲಿ ಹಿರಿಯರಿಗಂತಲೇ ಕಟ್ಟಿದ ಕಾಲೊನಿ ನೋಡೋಣ ಅಂತ. ಜಾಹೀರಾತಲ್ಲಿ ಕೇರಂ, ಯೋಗ, ನಗುವ ಅಜ್ಜ ಅಜ್ಜಿ ಎಲ್ಲ ಇದೆ. ಅಲ್ಲಿ ಇದ್ದವರು, ಮನೆಯವರನ್ನು ಸೇರಿಸಿದವರು ಹೇಳಿ. "ಹೆತ್ತವರನ್ನು ಸಾಕಲಾರದವರು" ಅಂತ ಮಾತ್ರ ಶುರು ಮಾಡಬೇಡಿ. ಅದನ್ನ ದೊಡ್ಡಪ್ಪನ ಬಾಯಲ್ಲಿ ಕೇಳಿ ಆಗಿದೆ.

ಕೌಲ್‌ಬಜಾರ್_ಹುಡುಗ:
ಶುರು ಮಾಡಲ್ಲ ಅಕ್ಕ. ಆದರೆ ನಮ್ಮೂರಲ್ಲಿ ವಯಸ್ಸಾದವರಿಗೆ ಓಣಿ ಇದೆ, ಕಟ್ಟೆ ಇದೆ. ದುರ್ಗಮ್ಮನ ಗುಡಿ ಹತ್ತಿರ ಮಂಗಳವಾರ ನಿಂತರೆ ಅರ್ಧ ಊರು ಸಿಗುತ್ತೆ. ಅದನ್ನೆಲ್ಲ ಬಿಟ್ಟು ಗೇಟ್ ಹಾಕಿದ ಕಾಂಪೌಂಡ್ ಒಳಗೆ ಹೋಗಿ ಯಾರ ಹತ್ರ ಮಾತಾಡಬೇಕು?

ಹಂಪಿ_ಎಕ್ಸ್‌ಪ್ರೆಸ್:
ಯಾವ ಕಟ್ಟೆ ಮಾರಾಯ? ಮಾರ್ಚ್ ಬಂತು ಅಂದ್ರೆ ಬೆಳಿಗ್ಗೆ ಹತ್ತಕ್ಕೇ ಕಟ್ಟೆ ಕಾದ ಹಂಚು. ಬಿಸಿಲು 40 ಡಿಗ್ರಿ ದಾಟಿದ ಮೇಲೆ ಎಪ್ಪತ್ತು ದಾಟಿದವರು ಹೊರಗೆ ಕಾಲಿಡೋದು ಸಂಜೆ ಆರರ ಮೇಲೇನೇ. ನಡುವೆ ಒಂದು ಕೋಣೆ, ಒಂದು ಕೂಲರ್, ಕರೆಂಟ್ ಹೋದರೆ ಅದೂ ಇಲ್ಲ. ಬಳ್ಳಾರಿ, ರಾಯಚೂರಿನ ಮುದುಕರ ಒಂಟಿತನದಲ್ಲಿ ಅರ್ಧ ಬಿಸಿಲಿನದು. ಅದನ್ನ ಯಾರೂ ಲೆಕ್ಕಕ್ಕೇ ಹಿಡಿಯಲ್ಲ. ನೆರಳಲ್ಲಿ ನಡೆದುಹೋಗಿ ಸೇರೋಕೆ ಒಂದು ಹಾಲ್ ಇದ್ದರೆ ಸಾಕು, ನಮ್ಮಪ್ಪ ಮನೇಲಿ ಇರ್ತಾನೇ ಇರಲಿಲ್ಲ.

ಕೌಲ್‌ಬಜಾರ್_ಹುಡುಗ:
ಅದು ಒಪ್ಪಿದೆ. ಆದ್ರೆ ಹಾಲ್ ಬಳ್ಳಾರಿಯಲ್ಲೇ ಕಟ್ಟಬಹುದಲ್ವಾ? ಅದಕ್ಕೆ ಕೊಯಮತ್ತೂರು ಯಾಕೆ?

ಗವಿಮಠ_ರಸ್ತೆ:
ಕೊಪ್ಪಳದಿಂದ ಬರೀತಿದ್ದೇನೆ. ಕಾಲೇಜಲ್ಲಿ ಮನಶ್ಶಾಸ್ತ್ರ ಪಾಠ ಮಾಡ್ತೀನಿ, ಸ್ವಲ್ಪ ಉದ್ದ ಆದರೆ ಸಹಿಸಿಕೊಳ್ಳಿ.

ಒಬ್ಬರೇ ಇರೋದು ಬೇರೆ, ಒಂಟಿ ಅನಿಸೋದು ಬೇರೆ. ನಮ್ಮ ಸೋದರತ್ತೆ ಕುಕನೂರಿನಲ್ಲಿ ಒಬ್ಬರೇ ಇದ್ದು ಆರಾಮಾಗಿದ್ದಾರೆ. ಹದಿನಾರು ಜನ ಇರೋ ಮನೆಯಲ್ಲಿ ಮೂಲೆಗೆ ಬಿದ್ದ ಅಜ್ಜನನ್ನೂ ನೋಡಿದ್ದೇನೆ. ವಿಶ್ವ ಆರೋಗ್ಯ ಸಂಸ್ಥೆ 2025ರ ವರದಿಯಲ್ಲಿ ಜಗತ್ತಿನ ಆರು ಜನರಲ್ಲಿ ಒಬ್ಬರಿಗೆ ಒಂಟಿತನ ಇದೆ ಅಂತ ಹೇಳಿತು. ಅದರಲ್ಲಿ ಹದಿಹರೆಯದವರೂ ಇದ್ದಾರೆ. ಹಾಗಾಗಿ ಜನರ ನಡುವೆ ತಂದು ಕೂರಿಸಿದರೆ ಮುಗೀತು ಅಂತ ಅಂದುಕೊಳ್ಳಬೇಡಿ.

ನಾನು ಕ್ಲಾಸಲ್ಲಿ ತಪ್ಪದೆ ಹೇಳುವ ಒಂದು ಪ್ರಯೋಗ ಇದೆ. ಅಮೆರಿಕದ ಕನೆಕ್ಟಿಕಟ್‌ನ ಒಂದು ನರ್ಸಿಂಗ್ ಹೋಮಲ್ಲಿ ಎಲೆನ್ ಲ್ಯಾಂಗರ್, ಜೂಡಿತ್ ರೋಡಿನ್ ಅನ್ನೋ ಇಬ್ಬರು ಮಾಡಿದ್ದು, 1976ರಲ್ಲಿ ಪ್ರಕಟವಾಯಿತು. ಒಂದು ಮಹಡಿಯವರಿಗೆ "ಕೋಣೆ ಹೇಗಿರಬೇಕು, ಸಿನಿಮಾ ಯಾವ ದಿನ ನೋಡಬೇಕು, ನೀವೇ ತೀರ್ಮಾನ ಮಾಡಿ" ಅಂದರು. ಒಂದು ಗಿಡ ಕೊಟ್ಟು ನೀರು ಹಾಕೋದು ನಿಮ್ಮ ಕೆಲಸ ಅಂದರು. ಇನ್ನೊಂದು ಮಹಡಿಯವರಿಗೂ ಗಿಡ ಕೊಟ್ಟರು, ಆದರೆ ನೀರು ನರ್ಸ್ ಹಾಕ್ತಾರೆ, ಎಲ್ಲ ನಾವೇ ನೋಡ್ಕೋತೀವಿ ಅಂದರು. ಮೂರು ವಾರ ಆದ ಮೇಲೆ ಮೊದಲ ಮಹಡಿಯವರೇ ಜಾಸ್ತಿ ಲವಲವಿಕೆಯಿಂದ ಇದ್ದರು, ಜನರ ಜೊತೆ ಬೆರೆತಿದ್ದರು. ಕಟ್ಟಡ ಒಂದೇ, ಊಟ ಒಂದೇ.

ಅದಕ್ಕೇ ಹೇಳೋದು, ಜಾಗ ನೋಡೋಕೆ ಹೋದಾಗ ಕೇರಂ ಬೋರ್ಡ್ ನೋಡಬೇಡಿ. ಅಲ್ಲಿಯವರ ಕೈಯಲ್ಲಿ ಏನು ತೀರ್ಮಾನ ಇದೆ ಅಂತ ಕೇಳಿ.

ಮಂಡಾಳು_ಪ್ರಿಯ:
ಮೇಡಂ, ನಮ್ಮನೆಯಲ್ಲಿ ಗಿಡಕ್ಕೆ ನೀರು ಹಾಕೋದು ನಮ್ಮಜ್ಜನೇ. ಆದರೂ ದಿನಾ ಜಗಳ.

ಎಪ್ಪತ್ತೆರಡರ_ಅಜ್ಜಿ:
ಗಾಂಧಿನಗರದ ತಂಗಿ, ನಾನು ಅಂಥ ಕಾಲೊನಿಯಲ್ಲೇ ಇದ್ದೇನೆ. ಊರು ರಾಯಚೂರು, ಮನೆ ತೀನ್ ಕಂದೀಲ್ ಹತ್ತಿರ ಇತ್ತು. ಈಗ ಬೆಂಗಳೂರಿನ ಹೊರಗೆ. ನಮ್ಮೆಜಮಾನರು ತೀರಿಕೊಂಡ ಮೇಲೆ ನಾನೇ ಆರಿಸಿಕೊಂಡು ಬಂದೆ, ಮಕ್ಕಳು ಬೇಡ ಅಂದರೂ.

ಇದ್ದದ್ದು ಇದ್ದ ಹಾಗೆ ಹೇಳ್ತೀನಿ. ಶುರುವಿನ ತಿಂಗಳುಗಳು ರಾಯಚೂರಿಗಿಂತ ಕೆಟ್ಟದಾಗಿದ್ದವು. ಊಟದ ಹಾಲಿನಲ್ಲಿ ಎಲ್ಲರಿಗೂ ಅವರವರ ಟೇಬಲ್ ಇರುತ್ತೆ. ಯಾರೂ ಎದ್ದು ಹೋಗಿ ಅನ್ನಲ್ಲ, ಬನ್ನಿ ಅಂತಲೂ ಅನ್ನಲ್ಲ. ತಟ್ಟೆ ಹಿಡಿದು ನಿಂತಾಗ ಆಗುವ ಸಂಕಟ ಯಾವ ಜಾಹೀರಾತಲ್ಲೂ ಇರಲ್ಲ. ಕನ್ನಡದವರದು ಒಂದು ಗುಂಪು, ತಮಿಳರದು ಒಂದು, ಹಿಂದಿಯವರದು ಒಂದು. ನಮ್ಮ ಕಡೆಯ ಕನ್ನಡ ಕೇಳಿ ಮೈಸೂರಿನ ಒಬ್ಬರು ನಕ್ಕರು. ಒಂದು ವಾರ ನಾನು ಕೋಣೆಯಲ್ಲೇ ಉಂಡೆ.

ಬದಲಾಗಿದ್ದು ತಿಂಡಿಯಿಂದ. ಅಡುಗೆ ಸಮಿತಿಗೆ ಯಾರೂ ಸಿಗಲಿಲ್ಲ ಅಂತ ನನ್ನ ಹೆಸರು ಬರೆದರು. ಶನಿವಾರ ಉಗ್ಗಾಣಿ, ಮಿರ್ಚಿ ಮಾಡಿಸಿದೆ. ಅಡುಗೆ ಹುಡುಗ ಉತ್ತರ ಪ್ರದೇಶದವನು, ಮಂಡಾಳು, ಅಂದ್ರೆ ಮಂಡಕ್ಕಿ, ನೀರಲ್ಲಿ ಎಷ್ಟು ಹೊತ್ತು ನೆನೆಸಬೇಕು ಅಂತ ನಾನೇ ಒಳಗೆ ಹೋಗಿ ನಿಂತು ಹೇಳಿಕೊಟ್ಟೆ. ಅವತ್ತಿಂದ ನನಗೆ ಅಲ್ಲಿ ಒಂದು ಕೆಲಸ ಇದೆ, ಬೈಸಿಕೊಳ್ಳುವ ಅಧಿಕಾರವೂ ಇದೆ. ಉಪ್ಪು ಜಾಸ್ತಿ ಆದರೆ ನೇರ ನನ್ನ ಬಾಗಿಲಿಗೇ ಬರ್ತಾರೆ. ಬಂದವರು ಬೈದು, ಕೂತು, ಚಹಾ ಕುಡಿದು ಹೋಗ್ತಾರೆ.

ಗಂಡಸರ ವಿಷಯ ಬೇರೆ ಹೇಳಲೇಬೇಕು. ಹೆಂಡತಿ ಇದ್ದಾಗ ನೆಂಟರ ಜೊತೆ ಮಾತು, ಹಬ್ಬದ ಕರೆ, ಪಕ್ಕದ ಮನೆ ಸಮಾಚಾರ ಎಲ್ಲ ಆಕೆಯೇ ನೋಡಿಕೊಂಡಿರ್ತಾಳೆ. ಆಕೆ ಹೋದ ಮೇಲೆ ಗಂಡಸಿಗೆ ಫೋನ್ ಎತ್ತಿ ಏನು ಮಾತಾಡಬೇಕು ಅಂತಲೇ ಗೊತ್ತಿರಲ್ಲ. ನಮ್ಮಲ್ಲಿ ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು ಬರೀ ಪೇಪರ್ ಹಿಡಿದು ಕೂರುತ್ತಿದ್ದರು. ನವೆಂಬರ್‌ನಲ್ಲಿ ಎಲ್ಲರ ಪೆನ್ಷನ್‌ಗೆ ಜೀವಂತ ಪ್ರಮಾಣ ಪತ್ರ ಕೊಡೋದಿರುತ್ತಲ್ಲ, ಅದನ್ನ ಮೊಬೈಲಲ್ಲಿ ಮಾಡಿಕೊಡೋಕೆ ಶುರು ಮಾಡಿದರು. ಈಗ ಅವರ ಬಾಗಿಲ ಮುಂದೆ ಕ್ಯೂ. ನಿಮ್ಮ ತಂದೆ ಗಣಿತದ ಮೇಷ್ಟ್ರು ಅಂದ್ರಿ. ಅಲ್ಲಿ ಕೆಲಸದವರ ಮಕ್ಕಳಿಗೆ ಪಾಠ ಹೇಳೋಕೆ ಬಿಡ್ತಾರಾ, ಇದನ್ನ ಮೊದಲು ಕೇಳಿ. ಕೆಲವು ಕಡೆ ಸಿಬ್ಬಂದಿ ಮಕ್ಕಳನ್ನ ಒಳಗೇ ಬಿಡಲ್ಲ.

ಸಾವಿನ ವಿಷಯವನ್ನೂ ಕೇಳಿ. ರಾತ್ರಿ ಆಂಬುಲೆನ್ಸ್ ಬಂದರೆ ಎಲ್ಲ ಕಿಟಕಿಯಲ್ಲೂ ದೀಪ ಹತ್ತುತ್ತೆ. ಮರುದಿನ ಆ ಕುರ್ಚಿಯನ್ನ ಸುಮ್ನೆ ತೆಗೆದಿಟ್ಟು ಏನೂ ಆಗಿಲ್ಲ ಅನ್ನೋ ಹಾಗೆ ಊಟ ಬಡಿಸಿದರೆ ಉಳಿದವರು ಒಳಗೊಳಗೇ ಕುಸಿದುಹೋಗ್ತಾರೆ. ನಮ್ಮಲ್ಲಿ ಜಗಳ ಮಾಡಿ, ತೀರಿಕೊಂಡವರ ಬಗ್ಗೆ ಸಂಜೆ ಎಲ್ಲರೂ ಕೂತು ಮಾತಾಡುವ ಪದ್ಧತಿ ತಂದ್ವಿ.

ಗಾಂಧಿನಗರ_ಮಗಳು:
ಅಮ್ಮ, ತುಂಬಾ ಥ್ಯಾಂಕ್ಸ್. ಗಂಡಸರ ಬಗ್ಗೆ ನೀವು ಬರೆದದ್ದು ನಮ್ಮಪ್ಪನ್ನೇ ನೋಡಿ ಬರೆದ ಹಾಗಿದೆ. ಚಿಕ್ಕಮ್ಮಂದಿರ ಫೋನ್ ನಂಬರ್ ಕೂಡ ಅಮ್ಮನ ಮೊಬೈಲಲ್ಲೇ ಇದ್ದವು.

ಮಂಡಾಳು_ಪ್ರಿಯ:
ಅಜ್ಜಿ, ಉಗ್ಗಾಣಿಗೆ ಪುಠಾಣಿ ಹಿಟ್ಟು ಹಾಕಿಸ್ತೀರೋ ಇಲ್ವೋ?

ಎಪ್ಪತ್ತೆರಡರ_ಅಜ್ಜಿ:
ಹಾಕದೇ ಇದ್ದರೆ ಅದು ಉಗ್ಗಾಣಿ ಹೇಗಾಗುತ್ತೆ ತಮ್ಮಾ?

ಕೌಲ್‌ಬಜಾರ್_ಹುಡುಗ:
ನಮ್ಮನೆಯಲ್ಲಿ ಹಾಕಲ್ಲ. ಹಸಿಮೆಣಸಿನಕಾಯಿ, ಈರುಳ್ಳಿ, ಅರಿಶಿನ, ನಿಂಬೆಹಣ್ಣು, ಅಷ್ಟೇ.

ಮಂಡಾಳು_ಪ್ರಿಯ:
ಇವನ ಮನೆಗೆ ಯಾರೂ ಹೋಗಬೇಡಿ.

ನರ್ಸಕ್ಕ_ರಾಯಚೂರು:
ತಿಂಡಿ ಜಗಳ ನಿಲ್ಲಿಸಿ ಸ್ವಲ್ಪ. ಗಾಂಧಿನಗರದ ಅಕ್ಕ, "ಊಟ ಆಯ್ತು, ಇಡ್ಲಾ" ಅಂದರು ಅಂತ ಬರೆದಿದ್ದೀರಿ. ಅಪ್ಪಾಜಿ ಕಿವಿ ಪರೀಕ್ಷೆ ಮಾಡಿಸಿದ್ದೀರಾ? ನಾನು ಸರ್ಕಾರಿ ಆಸ್ಪತ್ರೆಯಲ್ಲಿ ಬಹಳ ವರ್ಷ ಕೆಲಸ ಮಾಡಿದವಳು. ವಯಸ್ಸಾದಾಗ ಮೊದಲು ಹೋಗೋದು ಸಣ್ಣ ದನಿಯ ಅಕ್ಷರಗಳು. ಫೋನಲ್ಲಿ ತುಟಿ ಕಾಣಲ್ಲ. ಅರ್ಧ ಮಾತು ಕೇಳದೆ ಎರಡೆರಡು ಸಲ "ಏನಂದೆ" ಅನ್ನೋಕೆ ನಾಚಿಕೆ, ಹಾಗಾಗಿ ಬೇಗ ಇಟ್ಟುಬಿಡ್ತಾರೆ. ಮದುವೆ ಮನೆಗೆ ಹೋಗೋದು ಬಿಡ್ತಾರೆ. ಮನೆಯವರು ಬೇಜಾರಲ್ಲಿದ್ದಾರೆ ಅಂದುಕೊಳ್ತಾರೆ.

ಮರೆವಿನ ಕಾಯಿಲೆಯನ್ನ ತಡೆಯಲು ಸರಿಮಾಡಿಕೊಳ್ಳಬಹುದಾದ 14 ಕಾರಣಗಳನ್ನ ಲ್ಯಾನ್ಸೆಟ್ ಆಯೋಗ 2024ರಲ್ಲಿ ಹೇಳಿತಲ್ಲ, ಅದರಲ್ಲಿ ಕಿವಿ ಮಂದವಾಗೋದೂ ಇದೆ, ಜನರ ಸಂಪರ್ಕ ಇಲ್ಲದಿರೋದೂ ಇದೆ. ಕಿವಿ ಕೇಳದವರನ್ನ ನೂರು ಜನರ ಊಟದ ಹಾಲಿನಲ್ಲಿ ಕೂರಿಸಿದರೆ ಗದ್ದಲದಲ್ಲಿ ಇನ್ನೂ ಒಂಟಿಯಾಗ್ತಾರೆ. ಮೊದಲು ಅದನ್ನ ನೋಡಿಸಿ, ಆಮೇಲೆ ಕೊಯಮತ್ತೂರು.

ಗಾಂಧಿನಗರ_ಮಗಳು:
ಟಿವಿ ಸೌಂಡ್ ಜಾಸ್ತಿ ಅಂತ ಎದುರು ಮನೆಯವರು ಒಂದು ಸಲ ಹೇಳಿದ್ದರು. ಈ ಕಡೆ ಯೋಚನೆಯೇ ಹೋಗಿರಲಿಲ್ಲ. ಈ ವಾರವೇ ತೋರಿಸ್ತೀನಿ.

ಸಿಂಧನೂರು_ಭತ್ತ:
ಲಕ್ಷಗಟ್ಟಲೆ ಡೆಪಾಸಿಟ್, ತಿಂಗಳಿಗೆ ಸಾವಿರಗಟ್ಟಲೆ. ಇದೆಲ್ಲ ಪೆನ್ಷನ್ ಇರೋರ ಮಾತು. ನಮ್ಮವ್ವಗೆ ಸಂಧ್ಯಾ ಸುರಕ್ಷಾ 1,200 ರೂಪಾಯಿ ಬರುತ್ತೆ. ಆದರೆ ಒಂಟಿತನ? 2023ರ ಜೂನ್‌ನಲ್ಲಿ ಹೆಣ್ಣುಮಕ್ಕಳಿಗೆ ಬಸ್ ಫ್ರೀ ಆದಾಗಿನಿಂದ ಅವ್ವ ಮನೆಯಲ್ಲಿ ಸಿಗೋದೇ ಕಷ್ಟ. ಹುಣ್ಣಿಮೆ ಬಂತು ಅಂದ್ರೆ ಓಣಿಯ ಮುದುಕಿಯರೆಲ್ಲ ಸೇರಿ ಹುಲಿಗಿಗೆ ಹೊರಟರು. ಬುತ್ತಿ ಕಟ್ಟಿಕೊಂಡು ಹೋಗಿ, ಹುಲಿಗೆಮ್ಮನ ದರ್ಶನ ಮಾಡಿ, ಹೊಳೆದಂಡೆಯಲ್ಲಿ ಉಂಡು ಬರ್ತಾರೆ. ಸರ್ಕಾರದ ಕೆಂಪು ಬಸ್ಸೇ ಅವರ ಸೀನಿಯರ್ ಲಿವಿಂಗ್.

ಹಂಪಿ_ಎಕ್ಸ್‌ಪ್ರೆಸ್:
ಮುದುಕರು ಏನು ಪಾಪ ಮಾಡಿದ್ದರು? ಅವರಿಗೂ ಫ್ರೀ ಕೊಡಬೇಕಿತ್ತು.

ಸಿಂಧನೂರು_ಭತ್ತ:
ಕೊಟ್ಟರೂ ಅವರು ಹೋಟೆಲ್ ಮುಂದಿನ ಬೆಂಚು ಬಿಟ್ಟು ಏಳಬೇಕಲ್ಲ.

ಹಂಪಿ_ಎಕ್ಸ್‌ಪ್ರೆಸ್:
ಅವ್ವಗೆ ಮೊಣಕಾಲು ಹಿಡಿದ ದಿನ ಕೆಂಪು ಬಸ್ ಮನೆ ಬಾಗಿಲಿಗೆ ಬರುತ್ತಾ? ಆರೋಗ್ಯ ಇರೋ ತನಕ ಎಲ್ಲವೂ ಚೆಂದ.

ವಕೀಲ_ಬಿಸಿಲೂರು:
ದುಡ್ಡಿನ ಮಾತು ಬಂತಲ್ಲ, ಕಾನೂನು ಸ್ವಲ್ಪ ಹೇಳ್ತೀನಿ. ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯ್ದೆ 2007ರದು. ಅದರ 19ನೇ ಕಲಂ ಪ್ರಕಾರ ಜಿಲ್ಲೆಗೆ ಒಂದಾದರೂ ವೃದ್ಧಾಶ್ರಮ, ಕನಿಷ್ಠ 150 ಬಡ ಹಿರಿಯರಿಗೆ ಜಾಗ, ಇದನ್ನ ರಾಜ್ಯ ಸರ್ಕಾರ ಮಾಡಬಹುದು. "ಮಾಡಬಹುದು" ಅಂತಿದೆ, ಅಷ್ಟರಲ್ಲೇ ಅರ್ಥ ಮಾಡಿಕೊಳ್ಳಿ. ದೂರು ಕೇಳೋದು ಉಪವಿಭಾಗಾಧಿಕಾರಿ ಮಟ್ಟದ ನ್ಯಾಯಮಂಡಳಿ. ಅಲ್ಲಿ ವಕೀಲರು ಪರವಾಗಿ ನಿಲ್ಲೋ ಹಾಗಿಲ್ಲ ಅಂತ 17ನೇ ಕಲಂ ಹೇಳುತ್ತೆ. ನಮ್ಮ ಹೊಟ್ಟೆ ಮೇಲೆ ಹೊಡೆದ ಕಾನೂನು, ಆದರೂ ಒಳ್ಳೇದೇ.

ಸೀನಿಯರ್ ಲಿವಿಂಗ್ ಅಂತ ಮಾರೋರದು ಬೇರೆ ಕಥೆ. ಕೇಂದ್ರ ವಸತಿ ಸಚಿವಾಲಯ 2019ರಲ್ಲಿ ನಿವೃತ್ತಿ ಮನೆಗಳಿಗೆ ಮಾದರಿ ಮಾರ್ಗಸೂಚಿ ಹೊರಡಿಸಿತು. ಕರಾರು ಮಾಡೋ ಮುಂಚೆ ಅದನ್ನ ಓದಿ. ಡೆಪಾಸಿಟ್ ಯಾವಾಗ, ಎಷ್ಟು ವಾಪಸ್? ತಿಂಗಳ ಖರ್ಚು ವರ್ಷಕ್ಕೆ ಎಷ್ಟು ಏರಿಸ್ತಾರೆ? ಹಾಸಿಗೆ ಹಿಡಿದರೆ ಅಲ್ಲೇ ನೋಡ್ಕೋತಾರಾ, ಇಲ್ಲಾ ಹೊರಗೆ ಕಳಿಸ್ತಾರಾ? ಕೊನೇದು ಬರವಣಿಗೆಯಲ್ಲಿ ಬೇಕು.

ಬಳ್ಳಾರಿ ಮನೆಯನ್ನ ಮಾತ್ರ ಅವಸರಕ್ಕೆ ಮಾರಬೇಡಿ. ವಾಪಸ್ ಬರೋ ದಾರಿ ಇದೆ ಅನ್ನೋ ಧೈರ್ಯ ಇದ್ದವರೇ ಅಲ್ಲಿ ಚೆನ್ನಾಗಿ ಹೊಂದಿಕೊಳ್ಳೋದು.

ತೋರಣಗಲ್ಲು_ಟೆಕ್ಕಿ:
ಒಂದು ಎಚ್ಚರಿಕೆ. ನಮ್ಮ ಮಾವನವರನ್ನ ಒಂದು ಕಡೆ ಸೇರಿಸಿದ್ವಿ, ಹೆಸರು ಬೇಡ. ಕಟ್ಟಡ ಹೊಸದು, ಹಸಿರು ಹುಲ್ಲು. ಒಳಗೆ ನೋಡಿದರೆ ಹಾಸ್ಟೆಲ್ ಶಿಸ್ತು. ಬೆಳಿಗ್ಗೆ ಐದಕ್ಕೆ ಭಜನೆ ಕಡ್ಡಾಯ. ಹೊರಗೆ ಚಹಾ ಕುಡಿಯೋಕೆ ಹೋಗಬೇಕಾದರೆ ಮಕ್ಕಳ ಅನುಮತಿ ಬೇಕಂತೆ! ನಲವತ್ತು ವರ್ಷ ಲಾರಿ ಓಡಿಸಿ ದೇಶ ಸುತ್ತಿದ ಮನುಷ್ಯ. ನನಗೆ ಫೋನ್ ಮಾಡಿ "ಅಳಿಯಂದ್ರೆ, ಒಂದು ಪರ್ಮಿಷನ್ ಕೊಡಿ" ಅಂದಾಗ ನನಗೇ ಅವಮಾನ ಆಯಿತು. ಕರೆದುಕೊಂಡು ಬಂದ್ವಿ.

ಎಪ್ಪತ್ತೆರಡರ_ಅಜ್ಜಿ:
ಇದಕ್ಕೇ ನಾನು ಮೊದಲು ನೋಡೋದು ಬೀಗದ ಕೈ ಯಾರ ಹತ್ರ ಇರುತ್ತೆ ಅಂತ.

ಮೆಡಿಕಲ್_ಹಾಸ್ಟೆಲ್:
ನೆದರ್ಲೆಂಡ್ಸ್‌ನ ಡೆವೆಂಟರ್ ಊರಲ್ಲಿ ಹ್ಯುಮಾನಿಟಾಸ್ ಅನ್ನೋ ಹಿರಿಯರ ಮನೆಯಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಬಾಡಿಗೆ ಇಲ್ಲದೆ ಕೋಣೆ ಕೊಡ್ತಾರೆ. ಬದಲಿಗೆ ತಿಂಗಳಿಗೆ 30 ಗಂಟೆ ಒಳ್ಳೆ ನೆರೆಯವರಾಗಿ ಇರಬೇಕು. ಊಟಕ್ಕೆ ಕೂರೋದು, ಮೊಬೈಲ್ ಹೇಳಿಕೊಡೋದು, ಹರಟೆ. ಬಳ್ಳಾರಿಯಲ್ಲಿ ನಮ್ಮಂಥ ವಿದ್ಯಾರ್ಥಿಗಳು ಎಷ್ಟು ಜನ ಬಾಡಿಗೆ ಕೋಣೆ ಹುಡುಕ್ತಿದ್ದೀವಿ. ಅಪ್ಪಾಜಿ ಮನೆ ಮಹಡಿ ಖಾಲಿ ಇದ್ದರೆ ಹೇಳಿ ಅಕ್ಕ. ನಿಜವಾಗ್ಲೂ ಕೇಳ್ತಿದ್ದೀನಿ.

ಹಂಪಿ_ಎಕ್ಸ್‌ಪ್ರೆಸ್:
ನಾವು ಮಾಡಿ ನೋಡಿದ್ದೀವಿ. ಅರ್ಧ ಬಾಡಿಗೆಗೆ ಒಬ್ಬ ಹುಡುಗನ್ನ ಇಟ್ಕೊಂಡ್ವಿ. ಕಿವಿಯಲ್ಲಿ ಇಯರ್‌ಫೋನ್ ಹಾಕಿಕೊಂಡು ಮೆಟ್ಟಿಲು ಹತ್ತಿದರೆ ಮತ್ತೆ ಇಳೀತಿದ್ದದ್ದು ಮರುದಿನವೇ. ಆಮೇಲೆ ಬಂದವನು ಚಿನ್ನದಂಥ ಹುಡುಗ, ಅಪ್ಪನ ಜೊತೆ ದಿನಾ ಸಂಜೆ ಚದುರಂಗ. ಎಲ್ಲ ಬರೋರ ಮೇಲೆ ಹೋಗುತ್ತೆ.

ಶಕ್ತಿನಗರ_ನಿವೃತ್ತ:
ಎಲ್ಲ ಓದಿದೆ. ನಮ್ಮ ಅನುಭವ ಬೇರೆ ಥರ.

1985ರಲ್ಲಿ ಉಷ್ಣ ವಿದ್ಯುತ್ ಸ್ಥಾವರದ ಮೊದಲ ಘಟಕ ಶುರುವಾದ ಮೇಲೆ ಶಕ್ತಿನಗರಕ್ಕೆ ಬಂದವರು ನಾವು. ಹಟ್ಟಿ ಚಿನ್ನದ ಗಣಿಯವರು, ತುಂಗಭದ್ರಾ ಡ್ಯಾಂ ಕಾಲೊನಿಯವರು, ಇವರದೂ ಇದೇ ಕಥೆ ಇರುತ್ತೆ. ಇಡೀ ನೌಕರಿ ಕ್ವಾರ್ಟರ್ಸ್‌ನಲ್ಲಿ ಕಳೆದವರು. ಗೋಡೆಗೆ ಗೋಡೆ. ಒಬ್ಬರ ಮನೆ ಸಾರು ಇನ್ನೊಬ್ಬರ ಮನೆಗೆ. ನೈಟ್ ಶಿಫ್ಟ್‌ಗೆ ಹೋದರೆ ಮನೆಯವರನ್ನ ಪಕ್ಕದವರು ನೋಡ್ಕೋತಿದ್ದರು. ನಿವೃತ್ತಿ ದಿನ ಹಾರ ಹಾಕಿಸಿಕೊಂಡು ಕ್ವಾರ್ಟರ್ಸ್ ಬಿಟ್ಟರೆ ಒಬ್ಬ ಬೀದರ್‌ಗೆ, ಒಬ್ಬ ಹುಬ್ಬಳ್ಳಿಗೆ, ಒಬ್ಬ ಮಗನ ಮನೆಗೆ. ಸಂಬಳ ಹೋಗಿದ್ದಕ್ಕೆ ನಮಗೆ ಅಷ್ಟು ಬೇಜಾರಾಗಲಿಲ್ಲ, ಕಾಲೊನಿ ಹೋಗಿದ್ದಕ್ಕೆ ಆಯಿತು.

ನಾವು ಐದು ಮನೆಯವರು ಮೊದಲೇ ಮಾತಾಡಿಕೊಂಡು ರಾಯಚೂರಲ್ಲಿ ಒಂದೇ ಸಾಲಿನಲ್ಲಿ ಸೈಟ್ ತಗೊಂಡ್ವಿ. ಹಿತ್ತಲಿನ ಗೋಡೆಗಳಲ್ಲಿ ಬಾಗಿಲು ಇಟ್ಟೆವು. ರೊಟ್ಟಿ ಬಡಿಯೋಕೆ ಒಬ್ಬರೇ ಹೆಣ್ಣುಮಗಳು ಐದೂ ಮನೆಗೆ ಬರ್ತಾರೆ. ಮಧ್ಯಾಹ್ನ ಬಿಸಿಲಿಗೆ ಒಂದೇ ಮನೆಯ ಎಸಿ ಹಾಕಿ ಎಲ್ಲರೂ ಅಲ್ಲೇ ಕೂರ್ತೀವಿ, ಕರೆಂಟ್ ಬಿಲ್ ಹಂಚಿಕೊಳ್ತೀವಿ. ಬೆಳಿಗ್ಗೆ ಏಳಕ್ಕೆ ಹಿತ್ತಲ ಬಾಗಿಲು ತೆಗೆದಿಲ್ಲ ಅಂದ್ರೆ ಯಾರಾದರೂ ಬಂದು ಬಡೀತಾರೆ. ಸೀನಿಯರ್ ಲಿವಿಂಗ್‌ನಲ್ಲಿ ಇದಕ್ಕೆ ಅಲಾರಂ ಬಟನ್ ಇರುತ್ತಂತೆ.

ಹಾಗಂತ ಸ್ವರ್ಗ ಅಲ್ಲ. ಒಬ್ಬ ಗೆಳೆಯ ತೀರಿಕೊಂಡ. ಮಗ ಮನೆ ಮಾರಿದ. ಕೊಂಡವರು ಹಿತ್ತಲ ಬಾಗಿಲಿಗೆ ಇಟ್ಟಿಗೆ ಹಾಕಿದರು. ಇನ್ನೊಬ್ಬರಿಗೆ ಪಾರ್ಶ್ವವಾಯು ಆದಾಗ ನಮ್ಮಂಥ ಎಪ್ಪತ್ತರ ಮುದುಕರು ಅವರನ್ನ ಎತ್ತೋದು ಹೇಗೆ? ಕೊನೆಗೆ ಮಗಳು ಬೆಂಗಳೂರಿಗೆ ಕರೆದುಕೊಂಡು ಹೋದಳು. ಕೈಕಾಲು ಗಟ್ಟಿ ಇರೋ ತನಕ ನಮ್ಮ ಪದ್ಧತಿ. ಅದರಾಚೆ ಸಂಬಳದ ನರ್ಸ್, ವೀಲ್‌ಚೇರ್ ಇರೋ ಜಾಗ ಬೇಕೇ ಬೇಕು. ಅಂಥದ್ದು ರಾಯಚೂರಲ್ಲೋ ಬಳ್ಳಾರಿಯಲ್ಲೋ ಇದ್ದಿದ್ದರೆ ಭಾಷೆ, ಜೋಳದ ರೊಟ್ಟಿ ಎರಡೂ ಉಳೀತಿತ್ತು.

ಗವಿಮಠ_ರಸ್ತೆ:
ಸರ್, ಹಿತ್ತಲ ಬಾಗಿಲು ನನಗೆ ತುಂಬಾ ಹಿಡಿಸಿತು. ಮುಂಬಾಗಿಲಿಂದ ಬಂದರೆ ಅತಿಥಿ, ಸೀರೆ ಸರಿಮಾಡಿಕೊಳ್ಳಬೇಕು, ಚಹಾ ಇಡಬೇಕು. ಹಿತ್ತಲಿಂದ ಬಂದವರಿಗೆ ಅದೆಲ್ಲ ಬೇಡ.

ಕೌಲ್‌ಬಜಾರ್_ಹುಡುಗ:
ನಾನು ಮೊದಲೇ ಹೇಳಿದ್ನಲ್ಲ, ಓಣಿಯೇ ಬೇಕು ಅಂತ.

ನರ್ಸಕ್ಕ_ರಾಯಚೂರು:
ಓಣಿ ತಾನಾಗೇ ಆಗಲ್ಲಪ್ಪ. ಅವರು ನಿವೃತ್ತಿಗೆ ಮುಂಚೆಯೇ ದುಡ್ಡು ಹಾಕಿ ಕಟ್ಟಿದ್ದಾರೆ. ನಿಮ್ಮ ಓಣಿಯಲ್ಲಿ ಈಗ ಎಷ್ಟು ಮನೆಗೆ ಬೀಗ ಬಿದ್ದಿದೆ ಎಣಿಸಿ ನೋಡಿ.

ಕೌಲ್‌ಬಜಾರ್_ಹುಡುಗ:
ಅದೂ ನಿಜ.

ಸಿಂಧನೂರು_ಭತ್ತ:
ಯಾರೂ ಇಲ್ಲದವರಿಗೆ ಒಂದು ನಂಬರ್: 14567, ಹಿರಿಯರ ಸಹಾಯವಾಣಿ. ಕಾಸು ಇಲ್ಲ. ಗೊತ್ತಿರೋ ಮುದುಕರಿಗೆ ಬರೆದುಕೊಡಿ.

ಗಾಂಧಿನಗರ_ಮಗಳು:
ಅಪ್ಪಾಜಿಗೆ ಕಿವಿ ಪರೀಕ್ಷೆ ಆಯಿತು. ಎರಡೂ ಕಿವಿ ಮಂದ. ಯಂತ್ರ ಹಾಕಿಸಿದ್ವಿ, ಒಂದು ವಾರ ಬೈಕೊಂಡೇ ಇದ್ದರು. ನಿನ್ನೆ ಫೋನಲ್ಲಿ ಎದುರು ಮನೆಯವರ ಜಗಳದ ಕಥೆಯನ್ನ ಪೂರ್ತಿ ಹೇಳಿದರು!

ಈ ಚರ್ಚೆಯನ್ನೂ ಓದಿ ಹೇಳಿದೆ. ಕೊಯಮತ್ತೂರು ಬೇಡವೇ ಬೇಡ ಅಂದರು. ಬೆಂಗಳೂರು ಕಡೆಯ ಒಂದು ಕಾಲೊನಿಯಲ್ಲಿ ಒಂದು ತಿಂಗಳು ಇದ್ದು ನೋಡೋಕೆ ಒಪ್ಪಿದ್ದಾರೆ, ಬಿಸಿಲುಗಾಲದಲ್ಲಿ. ಮನೆ ಮಾರಬಾರದು ಅನ್ನೋದು ಷರತ್ತು. ಮಹಡಿ ಕೋಣೆಗೆ ಮೆಡಿಕಲ್ ಹುಡುಗ ಬಂದರೆ ಲೆಕ್ಕ ಹೇಗಿದೆ ಅಂತ ಪರೀಕ್ಷೆ ಮಾಡಿಯೇ ಬಾಡಿಗೆ ಹೇಳ್ತಾರಂತೆ.

ಮೆಡಿಕಲ್_ಹಾಸ್ಟೆಲ್:
ಅಕ್ಕ, ನಾನು ಲೆಕ್ಕ ಬಿಟ್ಟು ಬಯಾಲಜಿ ತಗೊಂಡಿದ್ದೇ ಅದರ ಭಯಕ್ಕೆ. ಆದರೂ ಭಾನುವಾರ ಬರ್ತೀನಿ.

ಶಕ್ತಿನಗರ_ನಿವೃತ್ತ:
ಒಂದು ಮಾತು ತಂಗಿ. ಏಪ್ರಿಲ್, ಮೇ ತಿಂಗಳಲ್ಲಿ ಬಳ್ಳಾರಿಯವರಿಗೆ ಬೆಂಗಳೂರಿನ ಯಾವ ಜಾಗವೂ ಚೆನ್ನಾಗೇ ಕಾಣುತ್ತೆ. ಮಳೆಗಾಲದಲ್ಲೂ ಒಂದು ತಿಂಗಳು ಇರಿಸಿ, ಆಮೇಲೆ ಡೆಪಾಸಿಟ್ ಕಟ್ಟಿ.

ವಕೀಲ_ಬಿಸಿಲೂರು:
ಆ ಒಂದು ತಿಂಗಳ ದುಡ್ಡಿಗೂ ರಸೀದಿ ತಗೊಳ್ಳಿ.

ಮಂಡಾಳು_ಪ್ರಿಯ:
ಅಜ್ಜಿ ಇರೋ ಕಾಲೊನಿ ಯಾವುದು ಅಂತ ಯಾರೂ ಕೇಳಲೇ ಇಲ್ವಲ್ಲ? ಶನಿವಾರ ಹೊರಗಿನವರಿಗೂ ಊಟದ ಕೂಪನ್ ಸಿಗುತ್ತಾ?